ಬೊಚ್ಚು ಬಾಯಿಯ ಓದು

2025ರ ಆಷಾಢ ಮುಗಿಯುತ್ತಿದ್ದ ಹಾಗೆ ಊರಿಗೆ ಹೋದೆ. ಜಗಲಿ ಹತ್ತಿದ ಕೂಡಲೇ ಕಣ್ಣಿಗೆ ಬಿದ್ದದ್ದು ಅಪ್ಪಯ್ಯನ ಕವಳದ ಹರಿವಾಣದಲ್ಲಿದ್ದ ಕುಟ್ಟಾಣಿ.

ಅದು ಅಜ್ಜಿಯದು. ಮುಷ್ಟಿಯಲ್ಲಿ ಹಿಡಿಸುವ ಕಬ್ಬಿಣದ ಒರಳು, ಅದಕ್ಕೊಂದು ಪುಟ್ಟ ಒನಕೆ. ಹಲ್ಲೆಲ್ಲ ಹೋದಮೇಲೆ ಅಜ್ಜಿ ಎಲೆ, ಅಡಿಕೆ, ಸುಣ್ಣ ಮೂರನ್ನೂ ಅದರೊಳಗೆ ಹಾಕಿ ಟಕಟಕ ಕುಟ್ಟಿ, ಗೋಲಿಯಷ್ಟು ಮಾಡಿ, ಕೆನ್ನೆಯ ಸಂದಿಗೆ ಸೇರಿಸಿಕೊಂಡರೆ ಮಧ್ಯಾಹ್ನದ ನಿದ್ದೆಯವರೆಗೆ ಸುಖ. ಅವಳು ತೀರಿಕೊಂಡಮೇಲೆ ಕುಟ್ಟಾಣಿ ಅಟ್ಟ ಸೇರಿತ್ತು. ಈಗ ಕೆಳಗಿಳಿದಿದೆ ಎಂದರೆ ಅಪ್ಪಯ್ಯನ ಬಾಯಲ್ಲೂ ಏನೂ ಉಳಿದಿಲ್ಲ ಎಂದಾಯಿತು.

"ಎಂತ ಅಪ್ಪಯ್ಯ, ಫೋನಲ್ಲಿ ಹೇಳ್ಲೇ ಇಲ್ಲ?"

"ಎಂತ ಹೇಳೂದೆ ಮಾರಾಯ್ತಿ, ಹಲ್ಲಲ್ವ, ಹೋಯ್ತು. ಹೇಗೂ ನೀನು ಬರ್ತೀಯಲ್ಲ, ನೀನೇ ಕಟ್ಟಿಕೊಡ್ತೀಯ ಅಂತ ಸುಮ್ನಿದ್ದೆ."

ತಾಪತ್ರಯ ಶುರುವಾದದ್ದೇ ಅಲ್ಲಿ. ಹಲ್ಲು ಕಟ್ಟುವುದು ನನ್ನ ಹೊಟ್ಟೆಪಾಡು. ಆದರೆ ಅಪ್ಪಯ್ಯನ ಬಾಯಿಗೆ, ಅಪ್ಪಯ್ಯನದೇ ಜಗಲಿಯಲ್ಲಿ ಕೂತು, ಕೈ ಹಾಕುವ ಹಾಗಿಲ್ಲ.

ನಾನು ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಡೆಂಚರಿಸ್ಟ್. ಇದಕ್ಕೊಂದು ಕನ್ನಡ ಹೆಸರು ಹುಡುಕಿ ಸೋತಿದ್ದೇನೆ. 'ದಂತಪಂಕ್ತಿ ತಜ್ಞೆ' ಎಂದರೆ ಹಳೆಯ ನಾಟಕ ಕಂಪನಿಯ ಬೋರ್ಡು ಓದಿದ ಹಾಗೆ ಆಗುತ್ತದೆ. ಊರವರ ಮಾತೇ ಸರಿ, ಹಲ್ಲು ಕಟ್ಟುವವಳು. ಹಲ್ಲು ಪೂರಾ ಹೋದವರು, ಅರ್ಧ ಹೋದವರು ನಮ್ಮಲ್ಲಿಗೆ ನೇರವಾಗಿ ಬರುತ್ತಾರೆ. ಬಾಯಿ ನೋಡಿ, ಅಚ್ಚು ತೆಗೆದು, ತೆಗೆದು ಹಾಕುವಂಥ ಸೆಟ್ ಮಾಡಿ, ಕೂರಿಸಿ, ಎಲ್ಲಾದರೂ ಒತ್ತಿದರೆ ಉಜ್ಜಿ ತಿದ್ದಿಕೊಡುವವರೆಗೆ ಎಲ್ಲ ಒಬ್ಬರದೇ ಕೈ. ಹಲ್ಲು ಕೀಳುವ ಹಾಗಿಲ್ಲ, ಹುಳುಕು ತುಂಬುವ ಹಾಗಿಲ್ಲ, ಅದೆಲ್ಲ ದಂತವೈದ್ಯರದು. ಒಂಟಾರಿಯೊದ 1991ರ ಡೆಂಚರಿಸಂ ಕಾಯಿದೆ ಈ ಕಸುಬನ್ನು ಹೇಳುವಾಗ ಮೊದಲು ಇಡುವ ಮಾತೇ ಹಲ್ಲು ಪೂರಾ ಅಥವಾ ಕೆಲವು ಹೋದ ದವಡೆಗಳನ್ನು ಪರೀಕ್ಷಿಸುವುದು. ವಿನ್ಯಾಸ, ತಯಾರಿ, ರಿಪೇರಿ, ಕೂರಿಸುವುದು ಎಲ್ಲ ಅದರ ನಂತರ.

ನಾನು ಭಾರತದಲ್ಲಿ ಕೆಲಸ ಮಾಡುತ್ತಿದ್ದಾಗ ಇದ್ದದ್ದು 1948ರ ದಂತವೈದ್ಯರ ಕಾಯಿದೆ. ಅದರ ಪ್ರಕಾರ ಡೆಂಟಲ್ ಮೆಕ್ಯಾನಿಕ್ ಎಂದರೆ ಹಲ್ಲಿನ ಸೆಟ್ಟನ್ನೂ ಹಲ್ಲಿಗೆ ಸಂಬಂಧಿಸಿದ ಸಾಧನಗಳನ್ನೂ ತಯಾರಿಸುವ ಅಥವಾ ರಿಪೇರಿ ಮಾಡುವ ವ್ಯಕ್ತಿ. ಅಷ್ಟೇ. ಆ ಸಾಲಿನಲ್ಲಿ ರೋಗಿಯೂ ಇಲ್ಲ, ದವಡೆಯೂ ಇಲ್ಲ. ನಾನು 8 ವರ್ಷ ಬದುಕಿದ್ದು ಆ ಸಾಲಿನೊಳಗೆ.

ಸಾಗರದಲ್ಲಿ ಪಿಯುಸಿ ಸೈನ್ಸ್ ಮುಗಿಸಿದಾಗ ಬಿಡಿಎಸ್‌ಗೆ ಬೇಕಾದ ರ್‍ಯಾಂಕೂ ಇರಲಿಲ್ಲ, 5 ವರ್ಷ ಓದಿಸುವ ದುಡ್ಡೂ ಇರಲಿಲ್ಲ. ಆ ವರ್ಷ ಅಡಿಕೆ ತೋಟಕ್ಕೆ ಕೊಳೆರೋಗ ಬಂದಿತ್ತು. ಯಾರೋ ನೆಂಟರು ಬೆಂಗಳೂರಲ್ಲಿ ಡೆಂಟಲ್ ಮೆಕ್ಯಾನಿಕ್ ಅಂತ 2 ವರ್ಷದ ಕೋರ್ಸಿದೆ ಎಂದರು. ಮೆಕ್ಯಾನಿಕ್ ಎಂದದ್ದೇ ಅಮ್ಮ ಗಾಬರಿಯಾದಳು, ಹೆಣ್ಣುಮಗಳು ಗ್ಯಾರೇಜಿಗೆ ಹೋಗುವುದಾ ಎಂದು. ಕೋರ್ಸು ಮುಗಿಸಿ ಶಿವಮೊಗ್ಗದ ದುರ್ಗಿಗುಡಿಯ ಒಂದು ಲ್ಯಾಬಿಗೆ ಸೇರಿದೆ. ಮೊದಲ ಮಹಡಿ, ಎರಡು ಕೋಣೆ, ಒಂದರಲ್ಲಿ ಪ್ಲಾಸ್ಟರ್ ಧೂಳು, ಇನ್ನೊಂದರಲ್ಲಿ ಅಕ್ರಿಲಿಕ್ ಪುಡಿಗೆ ಬೆರೆಸುವ ಮಾನೋಮರ್ ದ್ರವದ ಘಾಟು. ಆ ವಾಸನೆ ಕೂದಲಿಗೆ ಹತ್ತಿದರೆ ಸೀಗೆಪುಡಿಗೂ ಹೋಗುವುದಿಲ್ಲ.

ದಂತವೈದ್ಯರ ಶಾಪಿನಿಂದ ಡಬ್ಬಿ ಬರುತ್ತಿತ್ತು. ಸಾಗರ, ತೀರ್ಥಹಳ್ಳಿ, ಹೊಸನಗರದ ಡಬ್ಬಿಗಳು ಬಸ್ಸಿನ ಡ್ರೈವರ್ ಪಕ್ಕದಲ್ಲಿ ಕೂತು ಬರುತ್ತಿದ್ದವು. ಒಳಗೆ ಅಚ್ಚು, ಜತೆಗೊಂದು ಚೀಟಿ: ಮೇಲೆ ಕೆಳಗೆ ಪೂರ್ತಿ, ಶೇಡ್ ಎ3, ಗಂಡಸು, 68, ಅರ್ಜೆಂಟ್. ಅರ್ಜೆಂಟ್ ಅಂತ ಬರೆಯದ ಚೀಟಿಯನ್ನು ನಾನು ನೋಡಿಯೇ ಇಲ್ಲ. ಆ ಅರವತ್ತೆಂಟರ ಗಂಡಸು ನಗುವಾಗ ವಸಡು ಕಾಣುತ್ತದೋ, ಮಾತಾಡುವಾಗ ಬಾಯಿ ಒಂದು ಪಕ್ಕಕ್ಕೆ ಎಳೆಯುತ್ತದೋ, ಹಲ್ಲಿದ್ದ ಕಾಲದಲ್ಲಿ ಮುಂದಿನ ಎರಡರ ನಡುವೆ ಸಂದು ಇತ್ತೋ, ಯಾವುದೂ ಗೊತ್ತಿಲ್ಲ. ಪ್ಲಾಸ್ಟರಿನ ದವಡೆಗೆ ಮೇಣದ ದಿಂಡು ಇಟ್ಟು, ಹಲ್ಲನ್ನು ಒಂದೊಂದಾಗಿ ಸಾಲು ಕೂರಿಸುವುದು. ಎಲ್ಲರಿಗೂ ಒಂದೇ ಬಿಲ್ಲಿನಂಥ ಸಾಲು, ಎಲ್ಲರಿಗೂ ಅದೇ ನಗು. ಶಿವಮೊಗ್ಗ ಜಿಲ್ಲೆಯಲ್ಲಿ ಅಣ್ಣತಮ್ಮಂದಿರಲ್ಲದವರು ಎಷ್ಟೋ ಜನ ನನ್ನ ದೆಸೆಯಿಂದ ಒಂದೇ ಥರ ನಗುತ್ತಿರಬಹುದು.

ಕೆಲಸ ಕಲಿತದ್ದು ಕೆಡಿಸಿಯೇ. ಮೊದಲ ಮಳೆಗಾಲದಲ್ಲಿ ಒಂದು ಸೆಟ್ ಹಾಳು ಮಾಡಿದೆ. ಮೇಣವನ್ನು ಕರಗಿಸಿ ತೆಗೆದು ಆ ಜಾಗಕ್ಕೆ ಅಕ್ರಿಲಿಕ್ ಹಿಟ್ಟು ತುಂಬಿ, ಫ್ಲಾಸ್ಕ್ ಎನ್ನುವ ಹಿತ್ತಾಳೆಯ ಅಚ್ಚುಪೆಟ್ಟಿಗೆ ಬಿಗಿದು, ನೀರಿನಲ್ಲಿ ಬೇಯಿಸಬೇಕು. 74 ಡಿಗ್ರಿಯಲ್ಲಿ 8 ಗಂಟೆ. ಇಲ್ಲವೇ 74ರಲ್ಲಿ 2 ಗಂಟೆ ಇಟ್ಟು ಆಮೇಲೆ ಕುದಿಯುವ ನೀರಿನಲ್ಲಿ 1 ಗಂಟೆ. ಅವತ್ತು ಮಧ್ಯಾಹ್ನವೆಲ್ಲ ಕರೆಂಟಿಲ್ಲ. ಸಂಜೆ ಬಸ್ಸಿಗೆ ಡಬ್ಬಿ ಹಾಕಬೇಕು. ನಾನು ಫ್ಲಾಸ್ಕನ್ನು ಗ್ಯಾಸಿನ ಮೇಲೆ ಕಡುಬಿನ ಹಾಗೆ ಇಟ್ಟು ನೇರ ಕುದಿಸಿದೆ. ಅಕ್ರಿಲಿಕ್ ಗಟ್ಟಿಯಾಗುವಾಗ ತಾನೂ ಬಿಸಿ ಹುಟ್ಟಿಸುತ್ತದೆ. ಮಾನೋಮರ್ 100.8 ಡಿಗ್ರಿಗೆ ಕುದಿಯುವ ದ್ರವ. ಹೊರಗಿನ ಬಿಸಿಗೆ ಒಳಗಿನ ಬಿಸಿ ಸೇರಿ ಅದು ಗಟ್ಟಿಯಾಗುವ ಮೊದಲೇ ಆವಿಯಾಗುತ್ತದೆ. ಫ್ಲಾಸ್ಕ್ ಬಿಚ್ಚಿದರೆ ದಪ್ಪ ಇರುವ ಕಡೆಯೆಲ್ಲ ನೀರುದೋಸೆಯ ಹಾಗೆ ಗುಳ್ಳೆ. ನಮ್ಮ ಸೀನಿಯರ್ ಬೈಯಲಿಲ್ಲ. ಆ ಸೆಟ್ಟನ್ನು ನನ್ನ ಮೇಜಿನ ಮೇಲೆ ಎದುರಿಗೇ ತೂಗುಹಾಕಿದರು. ನಾನು ಲ್ಯಾಬ್ ಬಿಡುವವರೆಗೂ ಅದು ಅಲ್ಲೇ ನೇತಾಡುತ್ತಿತ್ತು, ದೃಷ್ಟಿಬೊಂಬೆಯ ಹಾಗೆ.

ನನ್ನನ್ನು ಈ ದಾರಿಗೆ ತಂದದ್ದು ಮಾತ್ರ ಬೇರೆ ಒಂದು ದಿನ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯ ಒಬ್ಬರು ಅಜ್ಜ ಹೇಗೋ ವಿಳಾಸ ಹಿಡಿದು ನಮ್ಮ ಮೆಟ್ಟಿಲು ಹತ್ತಿ ಬಂದರು. ಕೈವಸ್ತ್ರದಲ್ಲಿ ಸೆಟ್. ನಮ್ಮೂರ ಕಡೆಯವರೇ ಆದ್ದರಿಂದ ಮಾತಿನಲ್ಲೇ ಗುರುತು ಹತ್ತಿತು. ಬೆಳಗಿನ ಲಾಂಚಿಗೆ ಹೊಳೆ ದಾಟಿ, ಸಾಗರಕ್ಕೆ ಬಂದು, ಅಲ್ಲಿಂದ 70 ಕಿಲೋಮೀಟರ್ ಬಸ್ಸಿನಲ್ಲಿ ಕೂತು ಬಂದಿದ್ದರು. ಸೆಟ್ ಮಾಡಿಸಲಿಕ್ಕೆಂದೇ ಅದಾಗಲೇ 5 ಸಲ ಬಂದುಹೋಗಿದ್ದರು: ಮೊದಲ ಅಚ್ಚಿಗೆ, ಎರಡನೇ ಅಚ್ಚಿಗೆ, ದವಡೆಯ ಎತ್ತರ ಅಳೆಯಲಿಕ್ಕೆ, ಮೇಣದಲ್ಲಿ ಹಲ್ಲು ಕೂರಿಸಿ ನೋಡಲಿಕ್ಕೆ, ಕೊನೆಗೆ ಹಾಕಿಸಿಕೊಳ್ಳಲಿಕ್ಕೆ. ಇದು ಆರನೇದು. ಕೆಳಗಡೆ ನಾಲಗೆಯ ಪಕ್ಕ ಒತ್ತುತ್ತಿತ್ತು. ಅವತ್ತು ಡಾಕ್ಟರು ಊರಲ್ಲಿರಲಿಲ್ಲ.

"ತಂಗೀ, ನೀನೇ ಮಾಡಿದ್ದಂತಲ್ಲ, ಚೂರು ಕೆರೆದುಕೊಡು ಸಾಕು" ಎಂದು ಬಾಯಿ ತೆರೆದರು. ವಸಡಿನ ಮೇಲೆ ಗುಲಗಂಜಿಯಷ್ಟು ಕೆಂಪು ಗಾಯ. ಸೆಟ್ಟಿನ ಯಾವ ಅಂಚು ಅಲ್ಲಿಗೆ ತಾಗುತ್ತದೆ ಎನ್ನುವುದು ನನಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು, ಅದನ್ನು ಪಾಲಿಶ್ ಮಾಡಿದವಳು ನಾನು. ಸೀನಿಯರ್ ಒಳಗಿನಿಂದ ಬಂದು, "ನಾವು ಬಾಯಿಗೆ ಕೈ ಹಾಕೋ ಹಾಗಿಲ್ಲ ಅಜ್ಜ, ಡಾಕ್ಟ್ರ ಹತ್ರ ಹೋಗಿ" ಎಂದರು. ಅಜ್ಜ ಸೆಟ್ಟನ್ನು ಮತ್ತೆ ಕೈವಸ್ತ್ರದಲ್ಲಿ ಸುತ್ತಿದರು. ಕೊನೆಯ ಲಾಂಚು ತಪ್ಪಿದರೆ ರಾತ್ರಿ ಹೊಳೆಬಾಗಿಲಲ್ಲೇ ಕಳೆಯಬೇಕು ಎನ್ನುತ್ತ ಇಳಿದುಹೋದರು.

ನನಗೆ ಆಗ ಸಿಟ್ಟು ಬಂದದ್ದು ಕಾಯಿದೆಯ ಮೇಲೆ.

ಮದುವೆಯಾಗಿ ಗಂಡನ ಕೆಲಸದ ದೆಸೆಯಿಂದ ಕೆನಡಾಕ್ಕೆ ಹೋದಾಗ ಅಲ್ಲಿ ಡೆಂಚರಿಸ್ಟ್ ಎಂಬ ಜಾತಿಯೇ ಇದೆ ಎಂದು ತಿಳಿಯಿತು. ಮೊದಲು ಅವರೂ ನಮ್ಮಂಥ ಲ್ಯಾಬಿನವರೇ. ಜನ ಹಿಂಬಾಗಿಲಿನಿಂದ ಬಂದು ಕಡಿಮೆ ದುಡ್ಡಿಗೆ ಹಲ್ಲು ಕಟ್ಟಿಸಿಕೊಳ್ಳುತ್ತಿದ್ದರು. ಆಮೇಲೆ ಒಂದೊಂದೇ ಪ್ರಾಂತ್ಯ ಕಾಯಿದೆ ಮಾಡಿತು. ಅಮೆರಿಕದ ಆರೆಗನ್ನಿನಲ್ಲಂತೂ 1978ರಲ್ಲಿ ಜನರೇ ಓಟು ಹಾಕಿ ಈ ಕಸುಬಿಗೆ ಒಪ್ಪಿಗೆ ಕೊಟ್ಟರು. ಹಲ್ಲಿನ ಸೆಟ್ಟಿಗಾಗಿ ಮತದಾನ! ಬ್ರಿಟನ್, ಆಸ್ಟ್ರೇಲಿಯ, ಡೆನ್ಮಾರ್ಕ್, ಫಿನ್ಲೆಂಡ್‌ಗಳಲ್ಲೂ ಬೇರೆ ಬೇರೆ ಹೆಸರಿನಲ್ಲಿ ಇವರಿದ್ದಾರೆ. ಆಗ ಕೆನಡಾದಲ್ಲಿ ಇದನ್ನು ಕಲಿಸುವ ಕಾಲೇಜುಗಳು ಬೆರಳೆಣಿಕೆ. ಟೊರಾಂಟೊದ ಜಾರ್ಜ್ ಬ್ರೌನ್, ಎಡ್ಮಂಟನ್ನಿನ ನೇಟ್ (NAIT), ವ್ಯಾಂಕೂವರ್ ಕಮ್ಯುನಿಟಿ ಕಾಲೇಜು, ಕ್ವಿಬೆಕ್‌ನಲ್ಲಿ ಫ್ರೆಂಚಿನಲ್ಲೊಂದು. ನಾನು ಸೇರಿದಾಗ ಕ್ಲಾಸಿನಲ್ಲಿ ಅರ್ಧ ಜನ ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ಒಬ್ಬಳಂತೂ ಮೊದಲ ದಿನವೇ ನನ್ನನ್ನು ಮೇಡಂ ಎಂದಳು, ಟೀಚರ್ ಇರಬೇಕು ಅಂದುಕೊಂಡು.

3 ವರ್ಷದ ಓದು. ಲ್ಯಾಬಿನ ಪಾಠಗಳಲ್ಲಿ ನನ್ನನ್ನು ಹಿಡಿಯುವವರಿರಲಿಲ್ಲ. ದುರ್ಗಿಗುಡಿಯ ಕೈ, ದಿನಕ್ಕೆ ನಾಲ್ಕು ಸೆಟ್ಟಿಗೆ ಹಲ್ಲು ಸಾಲು ಕೂರಿಸಿದ ಕೈ. ಆದರೆ ತಲೆ ಕುತ್ತಿಗೆಯ ಅಂಗರಚನೆ, ಬಾಯಿಯ ರೋಗಗಳು, ಮುಪ್ಪಿನ ದೇಹ, ಔಷಧಿಗಳು ಎಂದು ಶುರುವಾದಾಗ ಬಾಲ ಮುದುಡಿತು. ಬಿಪಿಗೆ, ಖಿನ್ನತೆಗೆ ಕೊಡುವ ಎಷ್ಟೋ ಮಾತ್ರೆಗಳು ಬಾಯಿ ಒಣಗಿಸುತ್ತವೆ. ಮೇಲಿನ ಸೆಟ್ ನಿಲ್ಲುವುದೇ ಅಂಗುಳಿಗೂ ಅದಕ್ಕೂ ನಡುವೆ ಇರುವ ಜೊಲ್ಲಿನ ತೆಳು ಪೊರೆಯಿಂದ. ಜೊಲ್ಲು ಒಣಗಿದರೆ ಬ್ರಹ್ಮನೇ ಬಂದು ಸೆಟ್ ಮಾಡಿದರೂ ಬೀಳುತ್ತದೆ. ಹಲ್ಲು ಹೋದ ದವಡೆಯ ಮೂಳೆ ಸವೆಯುತ್ತಲೇ ಇರುತ್ತದೆ, ಅದರಲ್ಲೂ ಕೆಳಗಿನದು ಮೇಲಿನದರ ಸುಮಾರು 4 ಪಟ್ಟು. 25 ವರ್ಷ ಜನರನ್ನು ಹಿಂಬಾಲಿಸಿ ಅಳೆದು 1972ರಲ್ಲಿ ಟಾಲ್‌ಗ್ರೆನ್ ಎನ್ನುವವರು ಪ್ರಕಟಿಸಿದ ಲೆಕ್ಕವಿದು. ತುಮರಿ ಅಜ್ಜನ ಸೆಟ್ಟಿನ ಕೆಳಗಿನದೇ ಯಾಕೆ ಒತ್ತಿತು, 'ಡಾಕ್ಟರು ಅಚ್ಚು ಸರಿ ತೆಗೆದಿಲ್ಲ' ಎಂದು ಲ್ಯಾಬಿನಲ್ಲಿ ಕೂತು ನಾವು ಯಾಕೆ ಅಷ್ಟು ಸುಲಭವಾಗಿ ಹೇಳುತ್ತಿದ್ದೆವು, ಎರಡೂ ಆಗ ಅರ್ಥವಾಯಿತು.

ಇತಿಹಾಸದ ಪಾಠದಲ್ಲಿ ಕೇಳಿದ ಒಂದು ಕಥೆ ಇಲ್ಲಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಕ್ರಿಲಿಕ್ ಬರುವ ಮೊದಲು ಸೆಟ್ಟಿನ ವಸಡನ್ನು ಗಟ್ಟಿ ರಬ್ಬರಿನಿಂದ ಮಾಡುತ್ತಿದ್ದರು. ಅದರ ಪೇಟೆಂಟ್ ಹಿಡಿದಿದ್ದ ಗುಡ್‌ಇಯರ್ ಡೆಂಟಲ್ ವಲ್ಕನೈಟ್ ಕಂಪನಿ ಪ್ರತಿ ದಂತವೈದ್ಯನಿಂದಲೂ ಲೈಸೆನ್ಸ್ ಹಣ ವಸೂಲು ಮಾಡುತ್ತಿತ್ತು, ಕೊಡದವರ ಮೇಲೆ ಕೇಸು. ಕಂಪನಿಯ ಖಜಾಂಚಿ ಜೊಸಾಯ ಬೇಕನ್ ಊರೂರು ಅಲೆದು ದಾವೆ ಹೂಡುತ್ತಿದ್ದ. ಸ್ಯಾಮ್ಯುಯೆಲ್ ಚಾಲ್ಫಂಟ್ ಎಂಬ ದಂತವೈದ್ಯ 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೋಟೆಲೊಂದರಲ್ಲಿ ಅವನನ್ನು ಗುಂಡಿಟ್ಟು ಕೊಂದ. ಹಲ್ಲು ಕಟ್ಟುವ ಲೈಸೆನ್ಸಿನ ಜಗಳಕ್ಕೆ ಹೆಣ ಬಿದ್ದ ಇತಿಹಾಸವೇ ಇದೆ. ನನ್ನ ಸಿಟ್ಟು ಯಾವ ಲೆಕ್ಕ.

ಆ ಸಿಟ್ಟು ಇಳಿದದ್ದು ಎರಡನೇ ವರ್ಷದ ಕ್ಲಿನಿಕ್ಕಿನಲ್ಲಿ. ಹಳೆಯ ಸೆಟ್ ಸಡಿಲವಾಗಿದೆ ಎಂದು ಬಂದ ಒಬ್ಬರ ನಾಲಗೆ ಎತ್ತಿ ನೋಡುವಾಗ ಪಕ್ಕದಲ್ಲಿ ಬಿಳಿ ಚಿಕ್ಕೆ, ಕೆರೆದರೆ ಹೋಗದ್ದು. ಸೆಟ್ಟಿನ ಅಂಚು ತಾಗಿ ಆದದ್ದು ಎಂದು ನಾನು ಹೇಳಿದೆ. ಪಾಠ ಹೇಳುವವರು ಸುಮ್ಮನೆ ನನ್ನನ್ನು ನೋಡಿ, "ಅಂಚು ಅಲ್ಲಿಗೆ ಬರುತ್ತದಾ?" ಎಂದು ಕೇಳಿದರು. ಬರುತ್ತಿರಲಿಲ್ಲ. ಅವರನ್ನು ತಜ್ಞರಲ್ಲಿಗೆ ಕಳಿಸಿದೆವು. ಆಮೇಲೆ ಏನಾಯಿತು ಎನ್ನುವುದು ಹೇಳುವ ಹಕ್ಕು ನನಗಿಲ್ಲ. ಆದರೆ ದುರ್ಗಿಗುಡಿಯ ಲ್ಯಾಬಿನಲ್ಲಿ ಅದೇ ಬಾಯಿ ನನ್ನೆದುರು ತೆರೆದಿದ್ದರೆ ಅಂಚು ಕೆರೆದು, ಹೋಗಿ ಬನ್ನಿ ಎಂದಿರುತ್ತಿದ್ದೆ. ಇದು ನೆನಪಾದರೆ ಈಗಲೂ ಕೈ ತಣ್ಣಗಾಗುತ್ತದೆ.

ಅದೂ ನಮ್ಮ ಮಲೆನಾಡಿನ ಬಾಯಿಗಳು. ತಂಬಾಕಿಲ್ಲದ ಬರಿ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಮಾರಿ ಓದಿಸಿದ ಮನೆಯಲ್ಲಿ ಕೂತು ಈ ಮಾತು ಎತ್ತುವುದು ಹೇಗೆ? ಒಮ್ಮೆ ಎತ್ತಿದೆ. "ಅಡಿಕೆ ತಿಂದು ಯಾರೂ ಸಾಯೂದಿಲ್ಲ, ಅಡಿಕೆ ರೇಟು ಬಿದ್ರೆ ಸಾಯ್ತಾರೆ" ಎಂದರು ಅಪ್ಪಯ್ಯ. ವರ್ಷಗಟ್ಟಲೆ ಅಗಿದು ಕೆನ್ನೆಯೊಳಗಿನ ಚರ್ಮ ಬಿಗಿದು, ಎರಡು ಬೆರಳು ತೂರಿಸಲಾಗದಷ್ಟು ಬಾಯಿ ಕಿರಿದಾದವರಿದ್ದಾರೆ. ಅಂಥವರ ಅಚ್ಚು ತೆಗೆಯುವುದೇ ಒಂದು ಸಾಹಸ.

ಹಾಗಾಗಿ ನಮ್ಮಲ್ಲೂ ಡೆಂಚರಿಸ್ಟ್‌ಗಳು ಬರಬೇಕಾ ಎಂದು ಯಾರಾದರೂ ಕೇಳಿದರೆ ಮೊದಲಿನ ಹಾಗೆ ಪಟ್ಟನೆ ಹೌದು ಎನ್ನಲಾರೆ. ಜಾತ್ರೆಯಲ್ಲಿ ಚಾಪೆ ಹಾಸಿ, ಅಕ್ಕಪಕ್ಕದ ಹಲ್ಲಿಗೇ ಅಕ್ರಿಲಿಕ್ ಮೆತ್ತಿ ಒಂದು ಹಲ್ಲು ನಿಲ್ಲಿಸಿ ಕಳಿಸುವವರನ್ನು ನಾನೂ ಕಂಡಿದ್ದೇನೆ. ಅದರಡಿ ಕೊಳೆತ ವಸಡನ್ನೂ ಕಂಡಿದ್ದೇನೆ. 2 ವರ್ಷದ ಕೋರ್ಸಿನ ನನ್ನಂಥವಳಿಗೆ ಬಾಯಿ ಬಿಟ್ಟುಕೊಡದಿದ್ದದ್ದು ತಪ್ಪಲ್ಲ. ಇನ್ನೊಂದು ವರ್ಷವೋ ಎರಡು ವರ್ಷವೋ ಓದಿಸಿ, ಪರೀಕ್ಷೆ ಇಟ್ಟು, ಬಾಯಿ ನೋಡುವುದನ್ನು ಕಲಿಸುವ ದಾರಿಯೇ ಇಲ್ಲದಿರುವುದು ತಪ್ಪು. ದಂತ ಭಾಗ್ಯ ಯೋಜನೆ ಬಂದಮೇಲೆ ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಸರ್ಕಾರವೇ ಪುಕ್ಕಟೆ ಸೆಟ್ ಕೊಡುತ್ತದೆ, ಒಳ್ಳೆಯದೇ. ಆದರೆ ಸೆಟ್ ಕೊಟ್ಟ ಮರುದಿನ ಒತ್ತುವ ಜಾಗವನ್ನು ಹಳ್ಳಿಯಲ್ಲಿ ನೋಡುವವರು ಯಾರು? ಒತ್ತಿದರೆ ಅಜ್ಜಂದಿರು ಅದನ್ನು ಗೋಡೆಯ ಗೂಡಿನಲ್ಲಿಟ್ಟು ಮರೆಯುತ್ತಾರೆ.

ಪಾಸಾಗುವುದೂ ಸುಲಭವಿರಲಿಲ್ಲ. ಕಾಲೇಜು ಮುಗಿದ ಮೇಲೆ ಒಂಟಾರಿಯೊದ ಡೆಂಚರಿಸ್ಟರ ನಿಯಂತ್ರಣ ಸಂಸ್ಥೆಯ ಪರೀಕ್ಷೆ ಬೇರೆ. ಒಂದು ಭಾಗ ಬರವಣಿಗೆ, ನಾಲ್ಕರಲ್ಲಿ ಒಂದು ಉತ್ತರ ಗುರುತು ಹಾಕುವಂಥದ್ದು. ಇನ್ನೊಂದು ಓಸ್ಕಿ: ಕೋಣೆಯಿಂದ ಕೋಣೆಗೆ ಹೋಗುವುದು, ಗಂಟೆ ಹೊಡೆದರೆ ಮುಂದಕ್ಕೆ, ಕೆಲವು ಕೋಣೆಗಳಲ್ಲಿ ರೋಗಿಯ ಪಾತ್ರ ಹಾಕಿದ ನಟರು. ಕಾನೂನಿನ ಪರೀಕ್ಷೆ ಇನ್ನೊಂದು. ತಯಾರಿಗೆಂದು ನಾವೇ ಮಾಡಿಕೊಂಡ ಅಣಕು ಓಸ್ಕಿಯಲ್ಲಿ ಗೆಳತಿಯೊಬ್ಬಳು ರೋಗಿಯಾಗಿ ಕೂತಿದ್ದಳು. "ಮದುವೆಯಾಗಿ 40 ವರ್ಷ, ನನ್ನ ಗಂಡ ನನ್ನನ್ನು ಹಲ್ಲಿಲ್ಲದೆ ನೋಡಿಯೇ ಇಲ್ಲ, ರಾತ್ರಿ ಸೆಟ್ ತೆಗೆಯಬೇಕು ಅಂತೀರಲ್ಲ" ಎಂದು ಕಣ್ಣೊರೆಸಿಕೊಂಡಳು. ನಾನು ಏನು ಮಾಡಿದೆ ಗೊತ್ತೇ? ರಾತ್ರಿ ತೆಗೆಯದಿದ್ದರೆ ಶಿಲೀಂಧ್ರ ಹೇಗೆ ಬೆಳೆಯುತ್ತದೆ, ಬಿಸಿನೀರಲ್ಲಿ ಹಾಕಿದರೆ ಅಕ್ರಿಲಿಕ್ ಹೇಗೆ ಸೊಟ್ಟಗಾಗುತ್ತದೆ ಎಂದು ಗಂಟೆ ಹೊಡೆಯುವವರೆಗೆ ಭಾಷಣ ಮಾಡಿದೆ. ಎಲ್ಲ ಸರಿಯಾದ ಉತ್ತರವೇ. ಗೆಳತಿ ಪಾತ್ರ ಬಿಟ್ಟು, "ನೀನು ನನ್ನ ಮುಖ ನೋಡಲೇ ಇಲ್ಲವಲ್ಲೇ" ಎಂದಳು. 8 ವರ್ಷ ಚೀಟಿ ನೋಡಿ ಕೆಲಸ ಮಾಡಿದವಳು ನಾನು, ಮುಖ ನೋಡುವ ಅಭ್ಯಾಸ ಎಲ್ಲಿಂದ ಬರಬೇಕು.

ಇಷ್ಟೆಲ್ಲ ಪಾಸು ಮಾಡಿ ಬಂದವಳು ಅಪ್ಪಯ್ಯನಿಗೆ, "ನಾನು ಕಟ್ಟುವ ಹಾಗಿಲ್ಲ" ಎಂದೆ.

"ಅಲ್ಲಿ ದೊರೆಗಳ ಬಾಯಿಗೆ ಆಗ್ತದೆ, ಅಪ್ಪನ ಬಾಯಿಗೆ ಆಗೂದಿಲ್ವ?"

ಕೊನೆಗೆ, ಮೊದಲು ನಮ್ಮ ಲ್ಯಾಬಿಗೆ ಕೇಸ್ ಕಳಿಸುತ್ತಿದ್ದ ಸಾಗರದ ಡಾಕ್ಟರಮ್ಮನಲ್ಲಿಗೆ ಕರೆದುಕೊಂಡು ಹೋದೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಜುಲೈಯಲ್ಲಷ್ಟೇ ಉದ್ಘಾಟನೆ ಆಗಿತ್ತು. ಲಾಂಚಿಗೆ ಕಾಯುವುದಿಲ್ಲ, ಕಾರಿನಲ್ಲಿ ಭರ್ರನೆ ಹಿನ್ನೀರು ದಾಟಿದೆವು. ಅಪ್ಪಯ್ಯನಿಗೆ ಅದು ಅಷ್ಟೇನೂ ಹಿಡಿಸಲಿಲ್ಲ, ಲಾಂಚಿನಲ್ಲಾದರೆ ನಾಲ್ಕು ಜನ ಮಾತಿಗೆ ಸಿಗುತ್ತಿದ್ದರಂತೆ.

ಡಾಕ್ಟರಮ್ಮ ದೊಡ್ಡ ಮನಸ್ಸಿನವರು. ಅಚ್ಚು ತೆಗೆದದ್ದು, ಅಳತೆ ಹಿಡಿದದ್ದು ಅವರೇ, ನಾನು ಪಕ್ಕದಲ್ಲಿ ನಿಂತೆ. ಲವಂಗದೆಣ್ಣೆಯ ವಾಸನೆಯ ಅಚ್ಚಿನ ಪೇಸ್ಟ್ ಬಾಯಿಗೆ ಹೋದಾಗ ಅಪ್ಪಯ್ಯ, "ಕವಳಕ್ಕೆ ಹಾಕಬಹುದಿತ್ತು" ಎಂದು ತೊದಲಿದರು. ದವಡೆ ಎಷ್ಟು ಎತ್ತರದಲ್ಲಿ ನಿಲ್ಲಬೇಕು ಎಂದು ಅಳೆಯಲು 'ಅಮ್ಮ' ಎನ್ನಿಸುತ್ತಾರೆ. ತುಟಿ ಸೇರಿ ದವಡೆ ತಾನಾಗಿ ಇಳಿಯುವ ಜಾಗ ಅದು. ಆಗ ಮೇಲಿನ ಕೆಳಗಿನ ಹಲ್ಲಿನ ನಡುವೆ 2ರಿಂದ 4 ಮಿಲಿಮೀಟರ್ ಬಿಡುವಿರಬೇಕು. 75ರ ಅಪ್ಪಯ್ಯ ಕುರ್ಚಿಯಲ್ಲಿ ಒರಗಿ, ಕಣ್ಣು ಮುಚ್ಚಿ, ಅಮ್ಮ, ಅಮ್ಮ, ಅಮ್ಮ ಎನ್ನುತ್ತಿದ್ದರು. ನನಗೆ ಕಿಟಕಿಯ ಕಡೆ ತಿರುಗಬೇಕಾಯಿತು.

ಲ್ಯಾಬಿನ ಕೆಲಸಕ್ಕೆ ನನಗೆ ಅಡ್ಡಿಯಿಲ್ಲ. ದುರ್ಗಿಗುಡಿಗೆ ಹೋಗಿ ಹಳೆಯ ಮೇಜಿನ ಮುಂದೆ ಕೂತೆ. ಗುಳ್ಳೆಯ ಸೆಟ್ ಇನ್ನೂ ನೇತಾಡುತ್ತಿತ್ತು, ಈಗ ಹೊಸ ಹುಡುಗನಿಗೆ ಪಾಠವಾಗಿ. ಈ ಸಲ ಚೀಟಿ ಬೇಕಿರಲಿಲ್ಲ. ಅಪ್ಪಯ್ಯನ ಎಡಗಡೆಯ ಕೋರೆಹಲ್ಲು ಸ್ವಲ್ಪ ಮುಂದೆ ಬಂದು ತುಟಿಯ ಮೇಲೆ ಕೂರುತ್ತಿತ್ತು, ಬೈಯುವಾಗ ಅದೇ ಮೊದಲು ಕಾಣುತ್ತಿದ್ದದ್ದು. ಅದನ್ನು ಹಾಗೇ ಒಂದು ಕೂದಲೆಳೆ ಹೊರಗೆ ಕೂರಿಸಿದೆ. ಕವಳದವರು ದವಡೆಯನ್ನು ಎತ್ತಿನ ಹಾಗೆ ಅಡ್ಡಡ್ಡ ಆಡಿಸುತ್ತಾರೆ, ಹಾಗಾಗಿ ದವಡೆ ಹಲ್ಲುಗಳಿಗೆ ಮೊನೆ ಕಡಿಮೆ ಇರುವುದನ್ನೇ ಆರಿಸಿದೆ.

ಮೇಣದಲ್ಲಿ ಹಾಕಿ ನೋಡುವ ದಿನ ಮಾತು ಪರೀಕ್ಷೆ. ಬ್ರಾಂಪ್ಟನ್‌ನಲ್ಲಿ ನಾವು ಐವತ್ತರಿಂದ ಅರವತ್ತರವರೆಗೆ ಇಂಗ್ಲಿಷಿನಲ್ಲಿ ಎಣಿಸಿ ಎನ್ನುತ್ತೇವೆ, ಸಕಾರ ಹೇಳುವಾಗ ಹಲ್ಲಿಗೆ ಹಲ್ಲು ತಗುಲಬಾರದು. ಅಪ್ಪಯ್ಯನಿಗೆ ಏನು ಹೇಳಿಸುವುದು ಎಂದು ಡಾಕ್ಟರಮ್ಮ ನನ್ನ ಕಡೆ ನೋಡಿದರು. "ಸಾಗರ, ಸೊರಬ, ಸಿದ್ದಾಪುರ, ಶಿರಸಿ ಹೇಳಿ ಅಪ್ಪಯ್ಯ" ಎಂದೆ. ಸಾಗರ ಸರಿಯಾಯಿತು. ಸೊರಬ ಸರಿಯಾಯಿತು. ಶಿರಸಿಯಲ್ಲಿ ಸಣ್ಣಗೆ ಟಕ್ ಎಂದಿತು. ಮೇಣ ಬಿಸಿ ಮಾಡಿ ಒಂದು ಮಿಲಿಮೀಟರ್ ಇಳಿಸಿದ ಮೇಲೆ ಶಿರಸಿಯೂ ಬಂತು.

ಸೆಟ್ ಹಾಕಿಸಿಕೊಂಡು ಬಂದ ದಿನ ಅಮ್ಮ ಅಕ್ಕಿರೊಟ್ಟಿ ಮಾಡಿದ್ದಳು. ಅಪ್ಪಯ್ಯ ನೇರ ಅಪ್ಪೆಮಿಡಿಗೆ ಕೈ ಹಾಕಿದರು. ಮೊದಲ ವಾರ ಮೆತ್ತಗಿನದು ಮಾತ್ರ ಎಂದು ನಾನೂ ಡಾಕ್ಟರಮ್ಮನೂ ಹೇಳಿದ್ದೆಲ್ಲ ಗಾಳಿಗೆ ಹೋಯಿತು. ಮಿಡಿ ಕಟುಂ ಎಂದದ್ದು ಅಡುಗೆಮನೆಗೂ ಕೇಳಿಸಿತು. ಹಲ್ಲಿದ್ದವನಿಗೆ ಕಡಲೆ ಇಲ್ಲ ಎನ್ನುವ ಗಾದೆಯನ್ನು ಆ ವಾರ ಬಂದ ನೆಂಟರೆಲ್ಲ ಒಂದೊಂದು ಸಲ ಹೇಳಿ ಹೋದರು.

ಕುಟ್ಟಾಣಿ ಅಟ್ಟಕ್ಕೆ ಹೋಗಲಿಲ್ಲ. ಕಟ್ಟಿದ ಹಲ್ಲಲ್ಲಿ ಊಟ ಆಗುತ್ತದೆ, ಕವಳಕ್ಕೆ ರುಚಿ ಬರುವುದಿಲ್ಲವಂತೆ. ಊಟ ಮುಗಿಸಿ, ಸೆಟ್ ತೆಗೆದು ನೀರಿನ ಲೋಟಕ್ಕೆ ಹಾಕಿ, ಟಕಟಕ ಶುರುಮಾಡುತ್ತಾರೆ. ನಾನು ಜಗಳ ಬಿಟ್ಟೆ. ಹೊರಡುವ ಮುಂಚೆ ಅವರ ಕೆನ್ನೆಯ ಒಳಗನ್ನು ಚೆನ್ನಾಗಿ ನೋಡಿಸಿ, ಆರು ತಿಂಗಳಿಗೊಮ್ಮೆ ತೋರಿಸಲೇಬೇಕು ಎಂದು ಡಾಕ್ಟರಮ್ಮನ ಕೈಯಲ್ಲೇ ಹೇಳಿಸಿದೆ.

ಬ್ರಾಂಪ್ಟನ್‌ಗೆ ಬಂದು ಮೂರನೇ ವಾರ, ವಿಡಿಯೊ ಕರೆ. ಅಪ್ಪಯ್ಯ ಫೋನನ್ನು ಬಾಯಿಯೊಳಗೇ ಇಡುವಷ್ಟು ಹತ್ತಿರ ಹಿಡಿದು, ಬೆರಳಿನಿಂದ ಕೆಳತುಟಿ ಎಳೆದರು. "ಇಲ್ಲಿ ನೋಡೆ, ಇಲ್ಲಿ. ಒತ್ತುತ್ತದೆ." ಎಡಗಡೆ, ನಾಲಗೆಯ ಪಕ್ಕ, ಗುಲಗಂಜಿಯಷ್ಟು ಕೆಂಪು. ಯಾವ ಅಂಚು ಎಂದು ಗೊತ್ತಾಯಿತು, ಎಷ್ಟು ಕೆರೆಯಬೇಕು ಎಂದೂ ಗೊತ್ತಾಯಿತು. ಅಮ್ಮ ಹಿಂದಿನಿಂದ, "ಉಗುರಿನ ಅರದಲ್ಲಿ ನಾನೇ ಚೂರು ಉಜ್ಜಿಬಿಡ್ಲೇನೆ?" ಎಂದು ಕೇಳುತ್ತಿದ್ದಳು.

"ಬೇಡ. ರಾತ್ರಿ ತೆಗೆದಿಡಿ, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ. ಸೋಮವಾರ ಡಾಕ್ಟ್ರ ಹತ್ರ ಹೋಗಿ ಅಪ್ಪಯ್ಯ" ಎಂದೆ.